ಸೂಟ್‌ಕೇಸ್ ರೆಡಿ, ಕ್ರೆಡಿಟ್ ಲೆಕ್ಕ ಬಾಕಿ

ಬನ್ನಿ, ಕೊನೇ ವಾರ ಇದು. ಸೂಟ್‌ಕೇಸ್ ತುಂಬ್ತಿರೋದು ಕಾಣ್ತಾ ಇದೆಯಲ್ಲ, ಅದಕ್ಕೆ ವಿವರಣೆ ಬೇಡ. ನಮಗೆ ಬೇಕಾಗಿರೋದು ಮೇಜಿನ ಮೇಲಿರೋ ಆ ನೀಲಿ ಫೈಲ್, ಕ್ರೆಡಿಟ್ಟು, ಅಂಕದ ಕಾಗದಗಳೆಲ್ಲ ಅದರಲ್ಲೇ.

ವಿದೇಶದಲ್ಲಿ ಒಂದು ಸೆಮಿಸ್ಟರ್ ಅಂದ ತಕ್ಷಣ ಎಲ್ಲರೂ ಸುತ್ತಾಡಿದ್ದನ್ನೇ ಹೇಳ್ತಾರೆ. ಕೊನೆಗೆ ತಲೆ ತಿನ್ನೋದು ಕ್ರೆಡಿಟ್ಟು. ಇಸಿಟಿಎಸ್ ಅಂದ್ರೆ ಓದಿನ ಹೊರೆ ಅಳೆಯೋ ಯುರೋಪಿನ ಕ್ರೆಡಿಟ್ ಪದ್ಧತಿ. ಅದರ ಲೆಕ್ಕದಲ್ಲಿ ವರ್ಷಕ್ಕೆ 60, ಸೆಮಿಸ್ಟರಿಗೆ 30 ಕ್ರೆಡಿಟ್. ಒಂದೊಂದಕ್ಕೂ 25ರಿಂದ 30 ಗಂಟೆ ಕೆಲಸ. ಕ್ಲಾಸಿನ ಗಂಟೆ ಮಾತ್ರ ಅಲ್ಲ, ಮನೇಲಿ ಓದೋದು, ಬರೆಯೋದು, ಪರೀಕ್ಷೆಗೆ ಕೂರೋದು ಎಲ್ಲ ಸೇರಿ. ಅಂದ್ರೆ 30 ಕ್ರೆಡಿಟ್ಟಿಗೆ ಕಮ್ಮಿ ಅಂದ್ರೂ 750 ಗಂಟೆ. ವಾರಕ್ಕೆ ನಾಲ್ಕೇ ಕ್ಲಾಸು ಅಂತ ಖುಷಿಪಟ್ಟೋರು ಕೊನೇ ತಿಂಗಳಲ್ಲಿ ಅಳೋದು ಇದಕ್ಕೇ. 30 ತಗೊಳ್ಳೋದು ಹುಚ್ಚುತನ ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಸ್ಕಾಲರ್‌ಶಿಪ್ಪಿಗೆ ಇಷ್ಟು ಕ್ರೆಡಿಟ್ ಆಗಲೇಬೇಕು ಅಂತ ಷರತ್ತು ಇದ್ರೆ ಏನ್ಮಾಡ್ತೀರಾ? ಸರಿ, ತಗೊಳ್ಳಿ.

ಈಗ ಲರ್ನಿಂಗ್ ಅಗ್ರಿಮೆಂಟ್, ಅಂದ್ರೆ ಅಲ್ಲಿ ಯಾವ್ಯಾವ ಕೋರ್ಸ್ ಓದ್ತೀರಿ ಅನ್ನೋ ಒಪ್ಪಂದ. ಇದಕ್ಕೆ ಮೂರು ಸಹಿ: ವಿದ್ಯಾರ್ಥಿ, ಕಳಿಸಿದ ವಿಶ್ವವಿದ್ಯಾಲಯ, ಕರೆಸಿಕೊಂಡ ವಿಶ್ವವಿದ್ಯಾಲಯ. ಬಂದು ನೋಡಿದ್ರೆ ಆರಿಸಿದ ಕೋರ್ಸು ಈ ಸೆಮಿಸ್ಟರಲ್ಲಿ ನಡೆಯೋದೇ ಇಲ್ಲ, ಇಲ್ಲಾಂದ್ರೆ ಎರಡು ಕ್ಲಾಸು ಒಂದೇ ಹೊತ್ತಿಗೆ. ಬದಲಾಯಿಸಿ, ತಪ್ಪೇನಿಲ್ಲ. ಆದ್ರೆ ಬದಲಾವಣೆಗೂ ಅದೇ ಮೂರು ಸಹಿ ಬೇಕು. ಮೇಷ್ಟ್ರು ಕಾರಿಡಾರಲ್ಲಿ ‘ಓಕೆ’ ಅಂದ್ರು ಅಂತ ಸುಮ್ಮನಾದ್ರೆ ಮುಗೀತು ಕಥೆ. ವಾಪಸ್ ಹೋದ ಮೇಲೆ ‘ಈ ಕೋರ್ಸು ಒಪ್ಪಂದದಲ್ಲೇ ಇಲ್ವಲ್ಲ’ ಅಂತಾರೆ, ಪಾಸಾದ ಆರು ಕ್ರೆಡಿಟ್ಟು ಹಾಗೇ ಹೋಗುತ್ತೆ.

ಫ್ರಿಜ್ ಬಾಗಿಲು ಯಾಕೆ ತೆರೆದಿದೆ ಅಂತ ಕೇಳ್ಬೇಡಿ. ಫ್ರೀಜರಿನ ಐಸು ಕರಗ್ಬೇಕು. ರೂಮ್ ಪರಿಶೀಲನೆಯ ಹಿಂದಿನ ರಾತ್ರಿಯೇ ಪ್ಲಗ್ ಕಿತ್ತು, ಕೆಳಗೆ ಟವೆಲ್ ಹಾಸಿಡಿ. ಚಾಕು ಹಾಕಿ ಕೆರೆಯೋಕೆ ಹೋದ್ರೆ ಗ್ಯಾಸಿನ ಪೈಪು ತೂತಾಗುತ್ತೆ, ಡೆಪಾಸಿಟ್ಟಿಗೂ ತೂತು. ಇರ್ಲಿ, ಎಲ್ಲಿದ್ವಿ?

ಹಾಂ, ಅಂಕ. ಇದೇ ದೊಡ್ಡ ತಲೆನೋವು. ಫ್ರಾನ್ಸಲ್ಲಿ 20ಕ್ಕೆ 10 ಬಂದ್ರೆ ಪಾಸು, 14 ಅಂದ್ರೆ ಒಳ್ಳೇ ಅಂಕ. ಜರ್ಮನಿಯಲ್ಲಿ ಉಲ್ಟಾ, 1.0 ಎಲ್ಲಕ್ಕಿಂತ ಮೇಲೆ, 4.0ಕ್ಕೆ ಪಾಸು. ಬೇರೆ ದೇಶದ ಅಂಕವನ್ನ ಜರ್ಮನಿಯ ಅಂಕಕ್ಕೆ ಬದಲಾಯಿಸೋಕೆ ಅಲ್ಲಿ ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಲ್ಲಿ ಬಂದ ಅಂಕ ಕಳೀರಿ, ಅದನ್ನ ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರೋ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸಿ. ಅದೇ 14ನ್ನ ಹಾಕಿ ನೋಡಿ: 20ರಲ್ಲಿ 14 ಹೋದ್ರೆ 6, ಹತ್ತರಿಂದ ಭಾಗಿಸಿದ್ರೆ 0.6, ಮೂರು ಪಟ್ಟು 1.8, ಒಂದು ಸೇರಿದ್ರೆ 2.8. ಫ್ರಾನ್ಸಲ್ಲಿ ‘ಚೆನ್ನಾಗಿದೆ’ ಅನ್ನಿಸಿಕೊಂಡಿದ್ದು ಜರ್ಮನಿಗೆ ಬರೋ ಹೊತ್ತಿಗೆ ‘ಪರವಾಗಿಲ್ಲ’! ಕಾರಣ ಏನಂದ್ರೆ, ಫ್ರಾನ್ಸಲ್ಲಿ 18, 19 ಕೊಡೋದೇ ಅಪರೂಪ. ಸೂತ್ರಕ್ಕೆ ಅದು ಗೊತ್ತಾಗಲ್ಲ, ಅದು ಬರೀ ಗೆರೆ ಎಳೆಯುತ್ತೆ. ಅದಕ್ಕೇ ಯಾವ ಅಂಕ ಶೇಕಡಾ ಎಷ್ಟು ಜನಕ್ಕೆ ಬಂತು ಅನ್ನೋ ಹಂಚಿಕೆ ಪಟ್ಟಿಯನ್ನ ಅಂಕಪಟ್ಟಿ ಜೊತೆ ಕೇಳಿ ಪಡೀರಿ. ನಾಚಿಕೆ ಬೇಡ.

ಕಾಲೇಜಿನ ಲಾಗಿನ್ ಮುಚ್ಚೋ ಮೊದ್ಲು ಪ್ರತಿ ಕೋರ್ಸಿನ ಪಠ್ಯವಿವರ ಇಳಿಸಿಟ್ಕೊಳ್ಳಿ, ಆಮೇಲೆ ಸಿಗಲ್ಲ. ಹಾಜರಾತಿ ಪತ್ರದಲ್ಲಿ, ಅಂದ್ರೆ ಎಲ್ಲಿಂದ ಎಲ್ಲಿವರೆಗೆ ಇಲ್ಲಿದ್ರಿ ಅಂತ ಬರೆದುಕೊಡೋ ಕಾಗದದಲ್ಲಿ, ಕೊನೇ ದಿನಾಂಕ ಎರಡು ಸಲ ನೋಡಿ. ಎರಾಸ್ಮಸ್, ಅಂದ್ರೆ ಯುರೋಪಿಯನ್ ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆ, ಅದರ ಹಣ ದಿನದ ಲೆಕ್ಕ, ತಿಂಗಳಿಗೆ 30 ದಿನ ಅಂತ. ಎರಡು ವಾರ ಮುಂಚಿನ ದಿನಾಂಕ ಬಿದ್ರೆ ಆ ದುಡ್ಡು ವಾಪಸ್ ಕೇಳಬಹುದು.

ಅಯ್ಯೋ, ಟವೆಲ್ ಪೂರ್ತಿ ನೆನೆದಿದೆ. ಕಟ್ ಮಾಡ್ತೀನಿ.