ಜೆಜು ದ್ವೀಪ: ಅತ್ತರೂ ಪೊಲೀಸರು ಬರುತ್ತಿದ್ದ ಕಾಲ

[ಜೆಜು ವಿಮಾನ ನಿಲ್ದಾಣದ ದೃಶ್ಯ]

ನಮಸ್ಕಾರ. ಕೊರಿಯನ್ ಸೀರಿಯಲ್ ನೋಡುವವರಿಗೆ ಜೆಜು ಗೊತ್ತೇ ಇರುತ್ತದೆ. ನೀಲಿ ಸಮುದ್ರ, ಕಿತ್ತಳೆ ತೋಟ, ಹನಿಮೂನ್‌ಗೆ ಬಂದ ಜೋಡಿಗಳು. ಆ ದ್ವೀಪದ ವಿಮಾನ ನಿಲ್ದಾಣದ ಒಳಗೇ 2007ರಿಂದ 2009ರವರೆಗೆ ನೆಲ ಅಗೆದರು. 380ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಅರವತ್ತು ವರ್ಷ ಅವರ ಪಕ್ಕದಲ್ಲೇ ವಿಮಾನಗಳು ಇಳಿಯುತ್ತಿದ್ದವು.

ನನಗೆ ನಿದ್ದೆಗೆಡಿಸಿದ ಪ್ರಶ್ನೆ ಇದು: ಊರಿಗೆ ಊರೇ ಕಣ್ಣಾರೆ ಕಂಡಿದ್ದನ್ನು ಐವತ್ತು ವರ್ಷ ಮುಚ್ಚಿಡೋಕೆ ಹೇಗೆ ಸಾಧ್ಯವಾಯಿತು?

[ನಕ್ಷೆ]

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1945ರಲ್ಲಿ ಜಪಾನ್ ಸೋತಿತು, ಅಲ್ಲಿಯವರೆಗೆ ಅದು ಆಳುತ್ತಿದ್ದ ಕೊರಿಯಾದ ದಕ್ಷಿಣ ಭಾಗ ಅಮೆರಿಕದ ಸೇನೆಯ ಕೈಗೆ ಬಂತು. 1947ರ ಮಾರ್ಚ್ 1ರಂದು ಜೆಜುವಿನಲ್ಲಿ ಪೊಲೀಸ್ ಕುದುರೆಯ ಕಾಲಿಗೆ ಸಿಕ್ಕಿ ಒಂದು ಮಗುವಿಗೆ ಪೆಟ್ಟಾಯಿತು. ಜನ ರೊಚ್ಚಿಗೆದ್ದರು. ಪೊಲೀಸರು ಗುಂಡು ಹಾರಿಸಿದರು, 6 ಜನ ಸತ್ತರು. ಆಮೇಲೆ ಮುಷ್ಕರ, ಬಂಧನ, ಚಿತ್ರಹಿಂಸೆ. ದಕ್ಷಿಣಕ್ಕಷ್ಟೇ ಚುನಾವಣೆ ನಡೆಸಿ ದೇಶ ಒಡೆಯಬೇಡಿ ಅಂತ 1948ರ ಏಪ್ರಿಲ್ 3ರಂದು ಎಡಪಂಥೀಯ ಬಂಡುಕೋರರು 12 ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು. ಅವರೂ ಅಮಾಯಕರನ್ನು ಕೊಂದರು, ಅದನ್ನೂ ಹೇಳಲೇಬೇಕು. ಅಕ್ಟೋಬರ್ 17ರಂದು ದಕ್ಷಿಣ ಕೊರಿಯಾ ಸೇನೆಯ ಆದೇಶ ಬಂತು: ಕರಾವಳಿಯಿಂದ 5 ಕಿಲೋಮೀಟರ್ ದಾಟಿ ಒಳನಾಡಿನಲ್ಲಿ ಯಾರೇ ಕಂಡರೂ ಗುಂಡಿಕ್ಕಿ. ಆದರೆ ಅಲ್ಲಿ ಇದ್ದದ್ದು ಜನರ ಮನೆ, ಹೊಲ, ದನಕರು! ಹೋಗುವುದಾದರೂ ಎಲ್ಲಿಗೆ? ಎಲ್ಲ ಮುಗಿಯುವಾಗ 1954. ಸತ್ತವರು 25,000ದಿಂದ 30,000 ಅಂತ ಸರ್ಕಾರಿ ತನಿಖೆಯ ಅಂದಾಜು. ದ್ವೀಪದಲ್ಲಿ ಹತ್ತರಲ್ಲಿ ಒಬ್ಬರು.

[ಬುಕ್‌ಚೋನ್ ಹಳ್ಳಿ]

ಈಗ ಒಂದೇ ಹಳ್ಳಿಗೆ ಬನ್ನಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ನನ್ನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಕಡಲ ತೀರದ ಬುಕ್‌ಚೋನ್. 1949ರ ಜನವರಿ 17. ಬೆಳಿಗ್ಗೆ ಹಳ್ಳಿಯ ಹತ್ತಿರ ಬಂಡುಕೋರರು ಹೊಂಚು ಹಾಕಿ ಇಬ್ಬರು ಸೈನಿಕರನ್ನು ಕೊಂದರು. ಊರಿನ ಹಿರಿಯರು ಹೆದರುತ್ತಲೇ ಆ ಹೆಣಗಳನ್ನು ಹೊತ್ತು ಸೇನೆಯ ಶಿಬಿರಕ್ಕೆ ಒಪ್ಪಿಸಿದರು. ಸೇನೆ ಹಳ್ಳಿಗೆ ನುಗ್ಗಿತು. ಮನೆಗಳಿಗೆ ಬೆಂಕಿ ಇಟ್ಟು ಎಲ್ಲರನ್ನೂ ಶಾಲೆಯ ಮೈದಾನಕ್ಕೆ ತಂದು ಕೂಡಿಹಾಕಿತು. ಪೊಲೀಸರ, ಸೈನಿಕರ ಮನೆಯವರನ್ನು ಒಂದು ಕಡೆ ನಿಲ್ಲಿಸಿ, ಉಳಿದವರನ್ನು ಗುಂಪು ಗುಂಪಾಗಿ ಪಕ್ಕದ ಹೊಲಗಳಿಗೆ ಕರೆದೊಯ್ದು ಗುಂಡಿಟ್ಟರು. ಸತ್ತವರು ಸುಮಾರು 300. ಆ ಹೊಲಗಳ ಹತ್ತಿರ ಸುತ್ತ ಕಲ್ಲು ಜೋಡಿಸಿದ ಪುಟ್ಟ ಪುಟ್ಟ ಗೋರಿಗಳು ಇವತ್ತಿಗೂ ಇವೆ. ಮಕ್ಕಳವು.

ಕೊರಿಯಾದಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ, ಚಾಂದ್ರಮಾನದ ದಿನ ನೋಡಿ, ರಾತ್ರಿ ಎಡೆ ಇಡುತ್ತಾರೆ. ನಾವು ತಿಥಿ ಮಾಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಅನ್ನ, ಸಾರು, ಮೀನು, ಹಣ್ಣು, ಒಂದು ಬಟ್ಟಲು ಮದ್ಯ. ಒಂದೇ ದಿನ ಮುನ್ನೂರು ಜನ ಸತ್ತ ಊರಲ್ಲಿ ತಿಥಿ ಯಾವಾಗ ಬರುತ್ತದೆ ಹೇಳಿ? ಮನೆಮನೆಯಲ್ಲೂ ಒಂದೇ ರಾತ್ರಿ! ನೆಂಟರು ಯಾರ ಮನೆಗೆ ಅಂತ ಹೋಗೋದು? ಕೆಲವು ಮನೆಗಳಲ್ಲಿ ಎಡೆ ಇಡಲು ಯಾರೂ ಉಳಿದಿರಲಿಲ್ಲ. ಪಠ್ಯಪುಸ್ತಕದಲ್ಲಿ ಒಂದು ಸಾಲು ಇಲ್ಲದಿದ್ದರೂ, ಊರೆಲ್ಲ ಒಂದೇ ಸಂಜೆ ಒಲೆ ಹಚ್ಚುವುದನ್ನು ನೋಡಿ ಬೆಳೆದ ಮಗುವಿಗೆ ಏನೋ ಆಗಿತ್ತು ಅಂತ ತಿಳಿಯದೇ ಇರುತ್ತದೆಯೇ?

ಬಾಗಿಲು ಹಾಕಿಕೊಂಡು ಇಷ್ಟು ಮಾಡಬಹುದಿತ್ತು. ಹೊರಗೆ ಸಾಧ್ಯವಿರಲಿಲ್ಲ. 1954ರ ಜನವರಿಯಲ್ಲಿ ಅದೇ ಶಾಲೆಯ ಮೈದಾನದಲ್ಲಿ ಊರಿನ ಒಬ್ಬ ಸೈನಿಕನ ಅಂತ್ಯಕ್ರಿಯೆ ನಡೆಯುತ್ತಿತ್ತು. ಇಲ್ಲೇ ಸತ್ತ ನಮ್ಮವರಿಗೂ ಒಂದು ಬಟ್ಟಲು ಮದ್ಯ ಎರೆಯೋಣ ಅಂತ ಯಾರೋ ಅಂದರು. ಅಷ್ಟೇ. ಐದು ವರ್ಷ ಹಿಡಿದಿಟ್ಟ ದುಃಖ ಒಡೆದು ಜನ 'ಐಗೋ, ಐಗೋ' ಅಂತ ಗೋಳಾಡಿದರು. ಸುದ್ದಿ ಪೊಲೀಸರಿಗೆ ಮುಟ್ಟಿತು. ಊರಿನ ಮುಖಂಡರು ಇನ್ನು ಮುಂದೆ ಹೀಗೆ ಆಗುವುದಿಲ್ಲ ಅಂತ ಬರೆದುಕೊಡಬೇಕಾಯಿತು. ಅತ್ತಿದ್ದಕ್ಕೆ ತಪ್ಪೊಪ್ಪಿಗೆ! ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬಾಯಿ ಮುಚ್ಚಿಸೋಕೆ ಇನ್ನೊಂದು ದಾರಿಯೂ ಇತ್ತು. ಸತ್ತವನು 'ಕೆಂಪು', ಅಂದರೆ ಕಮ್ಯುನಿಸ್ಟ್, ಅಂತ ದಾಖಲೆಯಲ್ಲಿದ್ದರೆ ಅವನ ಮಕ್ಕಳಿಗೆ, ತಮ್ಮಂದಿರಿಗೆ ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ, ವಿದೇಶಕ್ಕೆ ಹೋಗೋಕೆ ಬಿಡುತ್ತಿರಲಿಲ್ಲ. ಅಪ್ಪ ಹೇಗೆ ಸತ್ತ ಅಂತ ಮಗನಿಗೆ ಹೇಳಿದರೆ ಮಗನ ಬದುಕೇ ಹಾಳು. ಹಾಗಾಗಿ ತಾಯಂದಿರು ಸುಮ್ಮನಾದರು. 1978ರಲ್ಲಿ ಜೆಜುವಿನ ಲೇಖಕರೊಬ್ಬರು ಬುಕ್‌ಚೋನ್ ಬಗ್ಗೆ ಕಥೆ ಬರೆದರು. ಅವರನ್ನು ಹಿಡಿದೊಯ್ದು ಹಿಂಸೆ ಕೊಟ್ಟರು, ಪುಸ್ತಕ ನಿಷೇಧಿಸಿದರು.

[ವರ್ಷಗಳು ಪರದೆಯ ಮೇಲೆ]

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. 1987ರ ನಂತರ ಪ್ರಜಾಪ್ರಭುತ್ವ ಬಂದಂತೆ ಬಾಯಿಗಳು ತೆರೆದವು. 2000ದಲ್ಲಿ ವಿಶೇಷ ಕಾನೂನು, 2003ರಲ್ಲಿ ಅಧ್ಯಕ್ಷ ರೋ ಮೂ-ಹ್ಯುನ್ ಅವರ ಕ್ಷಮೆಯಾಚನೆ. ತನಿಖೆಗೆ ಬಂದ 14,028 ಹೆಸರುಗಳಲ್ಲಿ ಶೇಕಡಾ 78ರಷ್ಟು ಸರ್ಕಾರಿ ಪಡೆಗಳಿಂದ, 13ರಷ್ಟು ಬಂಡುಕೋರರಿಂದ ಸತ್ತವರು. ಮೂರರಲ್ಲಿ ಒಂದು ಪಾಲು ಹೆಂಗಸರು, ಚಿಕ್ಕ ಮಕ್ಕಳು, ವೃದ್ಧರು. 2019ರಲ್ಲಿ, ಅಂದು ಜೈಲು ಕಂಡು ಬದುಕುಳಿದಿದ್ದ 18 ಜನರ ಮೇಲಿನ ಆರೋಪವನ್ನು ಕೋರ್ಟ್ ಕೈಬಿಟ್ಟಿತು. 2021ರಲ್ಲಿ ಒಂದೇ ದಿನ 335 ಜನರನ್ನು ನಿರ್ದೋಷಿಗಳು ಎಂದಿತು. 2022ರಿಂದ ಪರಿಹಾರ ಸಿಗುತ್ತಿದೆ. 2025ರಲ್ಲಿ ಈ ದಾಖಲೆಗಳು ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು.

ಒಂದು ಲೆಕ್ಕ ಮಾತ್ರ ಬಾಕಿ. ಗಲಭೆ ಶುರುವಾದಾಗ ದ್ವೀಪವನ್ನು ಆಳುತ್ತಿದ್ದದ್ದು ಅಮೆರಿಕದ ಸೇನೆ. ಕೊರಿಯಾ ಸರ್ಕಾರ ಬಂದ ಮೇಲೂ ಕೆಲಕಾಲ ಅಲ್ಲಿನ ಪಡೆಗಳ ಮೇಲೆ ಕಾರ್ಯಾಚರಣೆಯ ಹಿಡಿತ ಅವರದೇ. ಅಮೆರಿಕ ಕ್ಷಮೆ ಕೇಳಬೇಕು ಅಂತ 2018ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸೋಲ್‌ನ ರಾಯಭಾರ ಕಚೇರಿಗೆ ಒಯ್ದರು. ಈ ಕೇಳಿಕೆ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಬದುಕುಳಿದವರಿಗೆ ಈಗ ತೊಂಬತ್ತರ ಆಸುಪಾಸು. ಕಾಯುವಷ್ಟು ಸಮಯ ಅವರಲ್ಲಿಲ್ಲ.