ಕಲ್ಲಾದ ಮರ ಸಿಕ್ಕರೆ ಎತ್ತಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಗಿಡಮರಗಳ ಪಳೆಯುಳಿಕೆ ಬಗ್ಗೆ ಮಾತಾಡಿ ಅಂತ ಮೈಸೂರು ಆಕಾಶವಾಣಿಯವರು ಕರೆದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ: ಪ್ರವಾಸ ಹೋದಾಗ ಕಲ್ಲಾದ ಮರ ಕಂಡರೆ ದಯವಿಟ್ಟು ಎತ್ತಿಕೊಂಡು ಬರಬೇಡಿ.

ಮರ ಕಲ್ಲಾಗುವುದು ಹೀಗೆ. ಹೊಳೆಯಲ್ಲಿ ಕೊಚ್ಚಿಹೋದ ಮರ ಮರಳಿನಡಿ ಹೂತುಹೋಗುತ್ತದೆ. ಗಾಳಿ ಆಡುವುದಿಲ್ಲ, ಬೇಗ ಕೊಳೆಯುವುದಿಲ್ಲ. ನೀರಿನಲ್ಲಿ ಕರಗಿದ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಮರದ ಜೀವಕೋಶಗಳೊಳಗೆ ಇಳಿದು ಗಟ್ಟಿಯಾಗುತ್ತದೆ.

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅಂಥದೊಂದು ತುಂಡನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಹತ್ತಿರ ತಂದಿದ್ದರು. ಕಣ್ಣಿಗೆ ಸೌದೆ, ಕೈಗೆ ಕಲ್ಲು. 'ಇದು ಎಷ್ಟು ವರ್ಷದ್ದು ಸಾರ್?' ಅಂದರು. ಅವರನ್ನು ಕೇಳಿಯೇ ಒಂದು ಬಿಲ್ಲೆ ಕೊಯ್ದೆವು. ಗಾಜಿಗೆ ಅಂಟಿಸಿ, ಉಜ್ಜಿ ಉಜ್ಜಿ 0.03 ಮಿಲಿಮೀಟರಿಗೆ ಇಳಿಸಿದೆವು. ಅಷ್ಟು ತೆಳ್ಳಗಾದರೆ ಕಲ್ಲಿನಲ್ಲೂ ಬೆಳಕು ಹಾಯುತ್ತದೆ! ಮೇಷ್ಟ್ರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಬೇರಿನಿಂದ ನೀರು ಏರುತ್ತಿದ್ದ ಕೊಳವೆಗಳ ದುಂಡು ಬಾಯಿಗಳು, ನಡುವೆ ಗೆರೆ ಗೆರೆ. 'ನಿನ್ನೆ ಕಡಿದ ಹಾಗಿದೆಯಲ್ಲ' ಅಂದವರು ಕಣ್ಣು ತೆಗೆಯಲೇ ಇಲ್ಲ. ಆ ಕೊಳವೆ ನೋಡಿ ಇದು ಪೈನ್ ಜಾತಿಯದಲ್ಲ, ಹೂ ಬಿಡುವ ಮರ ಅಂತ ಹೇಳಿದೆ.

ವಯಸ್ಸು? ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಯಾವುದೋ ಪ್ರವಾಸದಲ್ಲಿ ಯಾರೋ ಕೊಟ್ಟಿದ್ದಂತೆ. ಊರು ನೆನಪಿಲ್ಲ. ಮುಗಿಯಿತಲ್ಲ! ವಯಸ್ಸು ಹೇಳುವುದು ಅದು ಮಲಗಿದ್ದ ಪದರ. ಮೇಲೆ ಯಾವ ಮಣ್ಣು, ಕೆಳಗೆ ಯಾವ ಕಲ್ಲು, ಪಕ್ಕದಲ್ಲಿ ಎಲೆಯೋ ಚಿಪ್ಪೋ, ಅದೆಲ್ಲ ಬೇಕು. ಎತ್ತಿದ ಕೂಡಲೇ ಅದು ಹೋಯಿತು. ಆಮೇಲೆ ಶೋಕೇಸಿನಲ್ಲಿ ಇಟ್ಟುಕೊಂಡು ಏನು ಬಂತು?

ನಮ್ಮ ಚಾಮುಂಡಿ ಬೆಟ್ಟದಲ್ಲಿ ಸಿಗುತ್ತದಾ ಅಂತ ಮಕ್ಕಳು ಕೇಳುತ್ತಾರೆ. ಇಲ್ಲ. ಅದು ಗ್ರಾನೈಟು, ನೆಲದಾಳದಲ್ಲಿ ಕರಗಿದ ಶಿಲೆ ಆರಿ ಆದದ್ದು. ಅದರಲ್ಲಿ ಎಲೆ ಉಳಿದೀತಾ? ಮಂಡ್ಯ ಸುತ್ತಲಿನ ಬಂಡೆಗಳಂತೂ ನೆಲದ ಮೇಲೆ ಗಿಡ ಹುಟ್ಟುವುದಕ್ಕೂ ಬಹಳ ಮೊದಲಿನವು. ನೋಡಲೇಬೇಕು ಅಂದರೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿ. ಸುಮಾರು 2 ಕೋಟಿ ವರ್ಷದ ಕಲ್ಲುಮರ ಅಲ್ಲಿದೆ, ತಮಿಳುನಾಡಿನ ತಿರುವಕ್ಕರೈಯಿಂದ ಬಂದದ್ದು. ಎಲ್ಲಿಯದು ಅಂತ ಗೊತ್ತಿದೆ, ಅದಕ್ಕೇ ವಯಸ್ಸೂ ಗೊತ್ತಿದೆ.

ಲಖನೌದಲ್ಲಿ ಗಿಡಮರಗಳ ಪಳೆಯುಳಿಕೆ ಅಧ್ಯಯನಕ್ಕೆಂದೇ ಸಂಸ್ಥೆ ಕಟ್ಟಿದ ವಿಜ್ಞಾನಿ ಬೀರಬಲ್ ಸಾಹ್ನಿಯವರ ಬಗ್ಗೆ ಹೇಳಬೇಕಿತ್ತು. 1949ರ ಏಪ್ರಿಲ್‌ನಲ್ಲಿ ಕಟ್ಟಡಕ್ಕೆ ಅಡಿಗಲ್ಲು ಇಟ್ಟ ಒಂದೇ ವಾರಕ್ಕೆ ಅವರು ತೀರಿಕೊಂಡರು. ಆ ಅಡಿಗಲ್ಲಿನಲ್ಲೂ ಪಳೆಯುಳಿಕೆಗಳನ್ನು ಕೂರಿಸಿದ್ದರು. ಸಮಯ ಆಗಿಬಿಟ್ಟಿದೆ.

ಕಲ್ಲಾದ ಮರ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಜಾಗ ಗುರುತು ಹಾಕಿಕೊಳ್ಳಿ, ಹತ್ತಿರದ ಭೂವಿಜ್ಞಾನ ವಿಭಾಗದವರಿಗೆ ತಿಳಿಸಿ. ಮುಟ್ಟಿ ನೋಡಿ, ಬೇಡ ಅನ್ನುವುದಿಲ್ಲ. ಎತ್ತಬೇಡಿ ಅಷ್ಟೆ. ನಮಸ್ಕಾರ.