ಬೀದಿಮರದ ಹಣೆಬರಹ ಇರುವುದು ಕಲ್ಲುಹಾಸಿನ ಕೆಳಗೆ

ನಮಸ್ಕಾರ. ಈ ಮರ ನೋಡಿ. ನೆಟ್ಟು ಎಷ್ಟೋ ವರ್ಷ ಆದರೂ ಬೊಡ್ಡೆ ಮುಂಗೈ ದಪ್ಪ ದಾಟಿಲ್ಲ, ತುದಿಯ ಕೊಂಬೆಗಳು ಒಣಗಿವೆ. ಸುತ್ತಲಿನ ಕಲ್ಲುಹಾಸು ಮಾತ್ರ ಉಬ್ಬಿ ಎದ್ದು, ನಡೆಯುವವರು ಎಡವುವ ಹಾಗಾಗಿದೆ. ಎರಡಕ್ಕೂ ಕಾರಣ ಒಂದೇ. ಹಾಸು ಕುಸಿಯಬಾರದೆಂದು ಕೆಳಗಿನ ಮಣ್ಣನ್ನು ರೋಲರ್‌ನಲ್ಲಿ ಗಟ್ಟಿಮಾಡಿದ್ದಾರೆ. ಅಂಥ ಮಣ್ಣಿನಲ್ಲಿ ಗಾಳಿಯಿಲ್ಲ, ಬೇರು ನುಗ್ಗುವುದಿಲ್ಲ. ಹಾಸಿಗೂ ಮಣ್ಣಿಗೂ ನಡುವೆ ಸಿಕ್ಕ ತೆಳು ಸಂದಿನಲ್ಲೇ ಬೇರು ಹರಡುತ್ತದೆ, ದಪ್ಪವಾದಂತೆ ಕಲ್ಲನ್ನು ಎತ್ತುತ್ತದೆ. ನಗರದ ನಡುಭಾಗವನ್ನು ನಡೆಯುವವರಿಗೂ ಮರಗಳಿಗೂ ಬಿಟ್ಟುಕೊಡುವ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವ ಜಾಗ ಇದು. ಇಂದಿನ ವಿಡಿಯೊದ ಬಹುಪಾಲು ನೆಲದ ಕೆಳಗೇ ಇರುತ್ತದೆ.

ಆದರೆ ಅಗೆಯುವ ಮೊದಲು ಪ್ರಯೋಗ. ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಯಲ್ಲಿ 1962ರಲ್ಲಿ ವಾಹನಗಳನ್ನು ನಿಲ್ಲಿಸಿದ್ದು ಪ್ರಯೋಗವಾಗಿಯೇ. 1964ರಲ್ಲಿ ಅದು ಕಾಯಂ ಆಯಿತು. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲೂ 2009ರಲ್ಲಿ ಮೊದಲು ಬಂದದ್ದು ಹಗುರ ಕುರ್ಚಿಗಳು. ಶಾಶ್ವತ ಕಲ್ಲುಹಾಸು ಆಮೇಲಿನ ಮಾತು. ಬಣ್ಣ, ಕುಂಡ, ಕುರ್ಚಿ ಇಷ್ಟರಲ್ಲೇ ಬೀದಿಯ ಹೊಸ ರೂಪವನ್ನು ಕೆಲವು ವಾರ ನಡೆಸಿ ನೋಡಬಹುದು. ಒಂದೇ ಒಂದು ಭಾನುವಾರ ಮಾಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಸರಕಿನ ಗಾಡಿಗಳು ಬರುವುದು ವಾರದ ದಿನಗಳಲ್ಲಿ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ನಿಂತಿತು, ಯಾವ ಬಾಗಿಲಿಗೆ ಸರಕು ಇಳಿಸಿತು, ಎಲ್ಲ ಬರೆದಿಡಿ. ಜನರನ್ನು ಎಣಿಸುವಾಗ ನಡೆದುಹೋಗುವವರನ್ನೂ ಕೂತವರನ್ನೂ ಬೇರೆಬೇರೆಯಾಗಿ ಎಣಿಸಿ. ಕೂರುವವರು ಹೆಚ್ಚಿದರೆ ಬೀದಿ ಬದಲಾಗುತ್ತಿದೆ ಎಂದರ್ಥ. ಕುಂಡಗಳಿಗೆ ಪೂರ್ತಿ ಮಣ್ಣು ತುಂಬಿರಲಿ. ಖಾಲಿ ಕುಂಡವನ್ನು ರಾತ್ರಿ ಯಾರಾದರೂ ಸರಿಸಿ ಗಾಡಿ ನುಗ್ಗಿಸುತ್ತಾರೆ.

ಈಗ ಅಳತೆ. ವಾಹನ ಉಳಿಯುವ ಕಡೆ ಲೇನ್ 3 ಮೀಟರ್ ಸಾಕು, ಬಸ್ಸು ಓಡಿದರೆ ಸ್ವಲ್ಪ ಹೆಚ್ಚು. ಅಗಲ ಕೊಟ್ಟಷ್ಟೂ ವೇಗ ಏರುತ್ತದೆ. ತಿರುವಿನ ಮೂಲೆ ದೊಡ್ಡ ಬಳುಕಿನದಾಗಿದ್ದರೆ ಚಾಲಕರು ವೇಗ ತಗ್ಗಿಸದೆ ತಿರುಗುತ್ತಾರೆ. ಮೂಲೆಯ ತ್ರಿಜ್ಯವನ್ನು 3ರಿಂದ 5 ಮೀಟರ್‌ಗೆ ಇಳಿಸಿದರೆ ವೇಗ ತಾನಾಗಿಯೇ ಇಳಿಯುತ್ತದೆ, ರಸ್ತೆ ದಾಟುವ ದೂರವೂ ಕಡಿಮೆಯಾಗುತ್ತದೆ. ಎರಡು ಗಾಲಿಕುರ್ಚಿಗಳು ಎದುರಾದಾಗ ಹಾದುಹೋಗಲು ಕಂಬ, ಕುಂಡ, ಬೋರ್ಡು ಯಾವುದೂ ಅಡ್ಡ ಬರದ 1.8 ಮೀಟರ್ ಬೇಕು. ಜನ ಕಿಕ್ಕಿರಿಯುವ ನಡುಪೇಟೆಗೆ ಅದೂ ಸಾಲದು. ಪೂರ್ತಿ ಪಾದಚಾರಿ ಬೀದಿಯಾದರೂ ಅಗ್ನಿಶಾಮಕ ವಾಹನಕ್ಕೆ ಸುಮಾರು 4 ಮೀಟರ್ ಅಗಲದ ದಾರಿಯನ್ನು ತೆರವಾಗಿ ಬಿಡಿ. ಬೆಂಚು ಎಲ್ಲಿಡಬೇಕೆಂದು ಯೋಚಿಸುವ ಮೊದಲೇ ಇದನ್ನು ನಕ್ಷೆಯಲ್ಲಿ ಎಳೆದುಬಿಡಿ.

ದಾಟುವ ಜಾಗದಲ್ಲಿ ರಸ್ತೆಯನ್ನೇ 75ರಿಂದ 100 ಮಿಲಿಮೀಟರ್ ಎತ್ತರಿಸಿ ಫುಟ್‌ಪಾತ್ ಮಟ್ಟಕ್ಕೆ ತಂದರೆ ಬಹಳ ಒಳ್ಳೆಯದು. ಆದರೆ ಆ ಏರು ಮಳೆನೀರಿಗೆ ಅಣೆಕಟ್ಟಾಗುತ್ತದೆ. ಇಳಿಜಾರಿನ ಮೇಲ್ಬದಿಯಲ್ಲಿ, ಏರು ಶುರುವಾಗುವ ಮೊದಲೇ, ನೀರು ಒಳಗಿಳಿಯುವ ಕಿಂಡಿ ಇರಬೇಕು. ಇದನ್ನು ಮರೆತ ಕಡೆಯೆಲ್ಲ ಜನ ಕೊಚ್ಚೆಯಲ್ಲಿ ನಿಂತು ಸಿಗ್ನಲ್ ಕಾಯಬೇಕಾಗುತ್ತದೆ.

ಇನ್ನು ನೆಲದ ಕೆಳಗೆ ಇಳಿಯೋಣ. ನೀರಿನ ಪೈಪು, ಒಳಚರಂಡಿ, ಕೇಬಲ್, ಗ್ಯಾಸ್ ಎಲ್ಲವೂ ಇಲ್ಲೇ ಇವೆ. ಆದರೆ ಹಳೆಯ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ ಇವೆ ಎಂದು ನಂಬಬೇಡಿ. ನೆಲದೊಳಗನ್ನು ನೋಡುವ ರೇಡಾರ್ ಓಡಿಸಿ, ಮರ ನೆಡಬೇಕಾದ ಪ್ರತಿ ಜಾಗದಲ್ಲೂ ಕೈಯಿಂದ ಪರೀಕ್ಷಾ ಗುಂಡಿ ತೋಡಿಸಿ. ಸವೆದ ಪೈಪುಗಳನ್ನು ಈಗಲೇ ಬದಲಿಸಿ. ಇಲ್ಲದಿದ್ದರೆ ಹೊಸ ಕಲ್ಲುಹಾಸನ್ನು ಒಂದೆರಡು ವರ್ಷದಲ್ಲೇ ಕಿತ್ತು, ತೇಪೆ ಹಾಕಿ, ಬೇರನ್ನೂ ಕಡಿದುಹಾಕುತ್ತಾರೆ.

ಮರದ ಗುಂಡಿಯ ವಿಷಯದಲ್ಲಿ ಸ್ಟಾಕ್‌ಹೋಮ್ ನಗರ ಬೆಳೆಸಿದ ವಿಧಾನವನ್ನು ನಾನು ಬಹಳ ಮೆಚ್ಚುತ್ತೇನೆ. ಅದರ ಆಧಾರ ದಪ್ಪ ಕಲ್ಲು. 100ರಿಂದ 150 ಮಿಲಿಮೀಟರ್ ಗಾತ್ರದ ಒಡೆದ ಕಲ್ಲುಗಳನ್ನು ಸುಮಾರು 30 ಸೆಂಟಿಮೀಟರ್ ಪದರಗಳಲ್ಲಿ ಹಾಕಿ ರೋಲರ್ ಆಡಿಸುತ್ತಾರೆ. ಕಲ್ಲಿಗೆ ಕಲ್ಲು ಕಚ್ಚಿಕೊಂಡು ಮೇಲಿನ ಭಾರವನ್ನೆಲ್ಲ ಹೊರುತ್ತದೆ. ಆಮೇಲೆ ಮೇಲಿನಿಂದ ಮಣ್ಣು ಸುರಿದು, ನೀರು ಬಿಟ್ಟು, ಸಂದುಗಳಿಗೆ ಇಳಿಸುತ್ತಾರೆ. ಭಾರ ಕಲ್ಲಿನ ಪಾಲು, ಬೇರಿಗೆ ಸಿಕ್ಕಿದ್ದು ಸಡಿಲ ಮಣ್ಣು. ಕ್ರಮ ತಪ್ಪಿಸಬೇಡಿ: ಮಣ್ಣು, ಕಲ್ಲು ಎರಡನ್ನೂ ಮೊದಲೇ ಕಲಸಿ ಹಾಕಿದರೆ ಕಲ್ಲುಗಳ ನಡುವೆ ಮಣ್ಣು ಸಿಕ್ಕಿಕೊಂಡು, ಕಲ್ಲು ಕಚ್ಚದೆ, ಹಾಸು ಕುಸಿಯುತ್ತದೆ. ಇದರ ಮೇಲೆ 32ರಿಂದ 63 ಮಿಲಿಮೀಟರ್‌ನ ತೊಳೆದ ಜಲ್ಲಿಯ ಪದರ, ಸುಮಾರು 20 ಸೆಂಟಿಮೀಟರ್. ಇದು ಗಾಳಿಗಾಗಿ. ಇದರ ಮೇಲೆ ಬಟ್ಟೆಪದರ ಹಾಸಿ ಕಲ್ಲು ಕೂರಿಸುತ್ತಾರೆ. ನಡುನಡುವೆ ಗಾಳಿಬಾವಿಗಳಿರುತ್ತವೆ, ಮಳೆನೀರು ಅವುಗಳ ಮೂಲಕ ಒಳಗಿಳಿಯುತ್ತದೆ, ಬೇರು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಜಲ್ಲಿ ಬಂದಾಗ ಒಂದು ಹಿಡಿ ತೆಗೆದು ಬಕೆಟ್ ನೀರಿಗೆ ಹಾಕಿ. ನೀರು ಕೆಸರಿನಂತಾದರೆ ಆ ಲೋಡನ್ನು ಹಿಂದಕ್ಕೆ ಕಳಿಸಿ. ಕಲ್ಲಿನ ಪುಡಿ ಸಂದುಗಳನ್ನು ಮುಚ್ಚಿದರೆ ಇಷ್ಟು ಶ್ರಮವೂ ವ್ಯರ್ಥ. ಪ್ರಮಾಣದ ಲೆಕ್ಕವೂ ಇರಲಿ. ಮಧ್ಯಮ ಗಾತ್ರದ ಮರಕ್ಕೆ 15 ಘನ ಮೀಟರ್‌ನಷ್ಟು ಬೇರು ಓಡುವ ಮಣ್ಣು ಬೇಕು. ಒಂದು ಮೀಟರ್ ಚೌಕ, ಒಂದು ಮೀಟರ್ ಆಳದ ಗುಂಡಿಯಲ್ಲಿ ಸಿಗುವುದು ಒಂದು ಘನ ಮೀಟರ್! ಕಲ್ಲಿನ ವಿಧಾನದಲ್ಲಿ ಮಣ್ಣಿನ ಪಾಲು ಒಟ್ಟು ಗಾತ್ರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ಆದ್ದರಿಂದ ಬಿಡಿ ಗುಂಡಿಗಳ ಬದಲು ಸಾಲಿನ ಮರಗಳಿಗೆಲ್ಲ ಸೇರಿ ಒಂದೇ ಉದ್ದ ಕಂದಕ ತೋಡಿ. ಪಕ್ಕದ ಮರದ ಪಾಲಿನ ಮಣ್ಣೂ ಒದಗುತ್ತದೆ.

ನೆಡುವಾಗ ಬೊಡ್ಡೆ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೇ ಕಾಣಬೇಕು. ಕಣ್ಣಿಗೆ ಕಾಣದಷ್ಟು ಆಳಕ್ಕೆ ಹೂತರೆ ಮರ ನಿಧಾನವಾಗಿ ಉಸಿರುಗಟ್ಟುತ್ತದೆ. ಕುಂಡದಲ್ಲಿ ಸುತ್ತಿಕೊಂಡು ಬೆಳೆದ ಬೇರುಗಳನ್ನು ಕತ್ತರಿಸಿ ಬಿಡಿಸಿ, ಇಲ್ಲವಾದರೆ ಮುಂದೆ ಅವೇ ಬೊಡ್ಡೆಯ ಕೊರಳು ಬಿಗಿಯುತ್ತವೆ. ಬುಡಕ್ಕೆ ಕಬ್ಬಿಣದ ಜಾಲರಿ ಹಾಕುವುದಾದರೆ ಒಳಗಿನ ಉಂಗುರಗಳನ್ನು ಕಳಚಿ ಕಿಂಡಿ ಹಿಗ್ಗಿಸುವಂತಿರಲಿ.

ಮಳೆತೋಟದ, ಅಂದರೆ ಮಳೆನೀರನ್ನು ಹಿಡಿದು ಇಂಗಿಸುವ ತಗ್ಗು ಪಾತಿಯ, ಲೆಕ್ಕ ಇನ್ನೂ ಸರಳ. 500 ಚದರ ಮೀಟರ್ ಹಾಸಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. 25 ಚದರ ಮೀಟರ್ ಪಾತಿಯಲ್ಲಿ 15 ಸೆಂಟಿಮೀಟರ್ ನೀರು ನಿಂತರೆ 3,750 ಲೀಟರ್ ಹಿಡಿಯುತ್ತದೆ, ಉಳಿದದ್ದು ಮಳೆ ಬೀಳುತ್ತಿರುವಾಗಲೇ ಇಂಗಬೇಕು. ಇಂಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ: 30 ಸೆಂಟಿಮೀಟರ್ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ, ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಒಂದು ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಪಾತಿಯ ತಳದಲ್ಲಿ ಜಲ್ಲಿ ಹಾಕಿ, ತೂತಿರುವ 100 ಮಿಲಿಮೀಟರ್ ಪೈಪನ್ನು ಅದರೊಳಗೆ ಮಲಗಿಸಿ ಚರಂಡಿಗೆ ಸೇರಿಸಬೇಕು. ಎರಡು ದಿನದೊಳಗೆ ಪಾತಿ ಬರಿದಾಗದಿದ್ದರೆ ಸೊಳ್ಳೆಗೆ ಮನೆಯಾಗುತ್ತದೆ.

ಪಾತಿಗಳು ಸಾಮಾನ್ಯವಾಗಿ ಕೆಡುವುದು ಬಾಯಲ್ಲೇ. ಕರ್ಬ್‌ನಲ್ಲಿ, ಅಂದರೆ ರಸ್ತೆಯಂಚಿನ ಕಲ್ಲಿನಲ್ಲಿ, ನೀರು ಒಳಬರಲು ಬಿಟ್ಟ ಕಿಂಡಿ 30 ಸೆಂಟಿಮೀಟರ್‌ಗಿಂತ ಸಣ್ಣದಾದರೆ ಎಲೆ, ಕಸ ಕಟ್ಟಿಕೊಳ್ಳುತ್ತವೆ. ಕಿಂಡಿ ದಾಟಿದ ಕೂಡಲೇ ಕನಿಷ್ಠ 5 ಸೆಂಟಿಮೀಟರ್ ಕೆಳಕ್ಕೆ ಇಳಿತ ಇರಲಿ; ಇಲ್ಲದಿದ್ದರೆ ಮೊದಲ ಮಳೆಯ ಹೂಳೇ ಬಾಗಿಲು ಹಾಕಿಬಿಡುತ್ತದೆ. ಅಲ್ಲಿ ಚಪ್ಪಡಿ ಕಲ್ಲು ಹಾಸಿ, ಹೂಳನ್ನು ಸಲಿಕೆಯಿಂದ ಎತ್ತಲು ಸುಲಭ. ಮರದ ಚಕ್ಕೆಯ ಹೊದಿಕೆ ಬೇಡ, ತೇಲಿಹೋಗಿ ಜಾಲರಿಗೆ ಅಂಟುತ್ತದೆ. ಹೆಚ್ಚುವರಿ ನೀರು ಹೊರಹೋಗುವ ಕೊಳವೆಯ ಬಾಯಿ ಪಾತಿಯ ಮಣ್ಣಿಗಿಂತ 15 ಸೆಂಟಿಮೀಟರ್ ಮೇಲಿರಬೇಕು. ಅಭ್ಯಾಸಬಲದಿಂದ ಅದನ್ನು ನೆಲಮಟ್ಟಕ್ಕೆ ಕೂರಿಸಿಬಿಟ್ಟರೆ ನೀರು ನಿಲ್ಲದೆ ನೇರ ಚರಂಡಿಗೆ ಹೋಗುತ್ತದೆ, ಗಿಡ ಒಣಗುತ್ತದೆ. ಕೆಲಸ ನಡೆಯುವಾಗ ಪಾತಿಯಲ್ಲಿ ಸಿಮೆಂಟ್ ಬಾಂಡ್ಲಿ ತೊಳೆಯಲು ಯಾರಿಗೂ ಬಿಡಬೇಡಿ.

ಕರ್ಬೇ ಇಲ್ಲದ ಸಮತಟ್ಟು ಬೀದಿ ಚಿತ್ರದಲ್ಲಿ ಚೆಂದ. ಆದರೆ ಕಣ್ಣು ಕಾಣದವರಿಗೆ ವಾಹನದ ದಾರಿ ಎಲ್ಲಿ ಶುರುವಾಯಿತೆಂದು ತಿಳಿಯುವುದೇ ಇಲ್ಲ. ವಾಹನ ಓಡುವ ಕಡೆ ಕಾಲಿಗೋ ಕೋಲಿಗೋ ಸಿಗುವ 6 ಸೆಂಟಿಮೀಟರ್ ಅಂಚು ಉಳಿಸಿಕೊಳ್ಳಿ. ಜಪಾನಿನ ಒಕಯಾಮಾದಲ್ಲಿ 1967ರಲ್ಲಿ ಮೊದಲು ಹಾಸಿದ ಸ್ಪರ್ಶಹಾಸು ಇಂದು ಜಗತ್ತಿನೆಲ್ಲೆಡೆ ಇದೆ: ಉದ್ದ ಗೀರು ಎಂದರೆ ಮುಂದೆ ಹೋಗಿ, ಚುಕ್ಕೆ ಎಂದರೆ ನಿಲ್ಲಿ, ಎಚ್ಚರ. ಅಂದಕ್ಕಾಗಿ ಇದನ್ನು ಹಾಸಿನ ಬಣ್ಣದ್ದೇ ಹಾಕಬೇಡಿ. ಮಸುಕಾಗಿ ಕಾಣುವವರಿಗೆ ಬಣ್ಣದ ವ್ಯತ್ಯಾಸವೇ ದಾರಿ ತೋರುವುದು. ಮ್ಯಾನ್‌ಹೋಲ್ ಮುಚ್ಚಳ ಸಾಲನ್ನು ತುಂಡರಿಸಿದರೆ ಮುಚ್ಚಳದ ಮೇಲೂ ಅದೇ ಹಾಸು ಕೂರಿಸಿ.

ಬೆಂಚಿನ ಎತ್ತರ 45 ಸೆಂಟಿಮೀಟರ್, ಬೆನ್ನಾಸರೆ, ಏಳುವಾಗ ಹಿಡಿಯಲು ಕೈಗಳು. ಸುಮಾರು 50 ಮೀಟರ್‌ಗೊಂದು ಇದ್ದರೆ ವಯಸ್ಸಾದವರೂ ಬರುತ್ತಾರೆ. ಸರಕು ಇಳಿಸಲು ಬೆಳಗಿನ ಹೊತ್ತು ನಿಗದಿ ಮಾಡಿ, ಪಕ್ಕದ ಅಡ್ಡಬೀದಿಯಲ್ಲಿ ಜಾಗ ಗುರುತಿಸಿ.

ಕಡೆಗೆ ಆರೈಕೆ. ನೀರು ಇಂಗಿಸುವ ಕಲ್ಲುಹಾಸಿನ ಸಂದುಗಳನ್ನು ವರ್ಷಕ್ಕೆ ಒಂದೆರಡು ಬಾರಿ ಹೀರುಯಂತ್ರದಿಂದ ಗುಡಿಸಬೇಕು. ಪೊರಕೆ ದೂಳನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಹೊಸ ಮರಗಳಿಗೆ ಮೊದಲ ಎರಡು ಮೂರು ಬೇಸಿಗೆ ವಾರಕ್ಕೆ 50ರಿಂದ 100 ಲೀಟರ್ ನೀರು, ಬೇರು ಇರುವಲ್ಲಿಗೇ ನಿಧಾನವಾಗಿ ಇಳಿಯುವಂತೆ. ಈ ನೀರಿನ ಜವಾಬ್ದಾರಿಯನ್ನು ಗುತ್ತಿಗೆ ಪತ್ರದಲ್ಲೇ ಬರೆಸಿ. ಗೂಟದ ಕಟ್ಟನ್ನು ಒಂದು ವರ್ಷದ ನಂತರ ಬಿಚ್ಚಿ, ಬೊಡ್ಡೆಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಬುಡದ ಮಣ್ಣು ಕದಲದಿದ್ದರೆ ಬೇರು ಹಿಡಿದಿದೆ, ಗೂಟ ಕೀಳಬಹುದು.